ಹೊಸಬ್ರನ್ನ ಕೆಲಸಕ್ಕೆ ತಗೊಂಡಾಗ ಸರ್ಕಾರ ಕೊಡೋ ದುಡ್ಡು: ಸಣ್ಣ ಯೂನಿಟ್ ಮಾಲೀಕ್ರು ಯಾವುದಾದ್ಮೇಲೆ ಯಾವುದು ಮಾಡ್ಬೇಕು

ತುಮಕೂರಿನ ಅಂತರಸನಹಳ್ಳಿ, ಸತ್ಯಮಂಗಲ, ಹಿರೇಹಳ್ಳಿ, ವಸಂತನರಸಾಪುರ ಈ ಕಡೆ ಇರೋ ಸಣ್ಣಪುಟ್ಟ ಯೂನಿಟ್‌ಗಳಿಗೆ ಪಿಎಫ್, ಇಎಸ್‌ಐ, ಸಂಬಳದ ಲೆಕ್ಕ ನೋಡ್ಕೊಡೋದು ನನ್ನ ಕೆಲಸ. ಇತ್ತೀಚೆಗೆ ಬರೋ ಫೋನೆಲ್ಲ ಒಂದೇ ವಿಷಯಕ್ಕೆ. "ಹುಡುಗ್ರನ್ನ ಸೇರಿಸ್ಕೊಂಡು ಎಂಟು ತಿಂಗಳಾಯ್ತು, ತಲೆಗೆ ಮೂರು ಸಾವಿರ ಕೊಡ್ತಾರೆ ಅಂದ್ರಲ್ಲ, ಒಂದು ರೂಪಾಯಿ ಬಂದಿಲ್ವಲ್ಲ ಸಾರ್". ಫೈಲ್ ತೆಗೆದು ನೋಡಿದ್ರೆ ಹತ್ತಕ್ಕೆ ಎಂಟು ಕಡೆ ತಪ್ಪು ಆಗಿರೋದು ಹುಡುಗ್ರು ಸೇರಿದ ಮೊದಲ ವಾರದಲ್ಲೇ, ಗೊತ್ತಾಗೋದು ಮಾತ್ರ ಆರು ತಿಂಗಳಾದ್ಮೇಲೆ. ಅಷ್ಟೊತ್ತಿಗೆ ಸರಿ ಮಾಡೋಕೆ ಆಗಿರಲ್ಲ. ಹಂಗಾಗಿ ಯಾವುದು ಮೊದಲು ಯಾವುದು ಆಮೇಲೆ ಅನ್ನೋದನ್ನ ಇಲ್ಲಿ ಬಿಡಿಸಿ ಬರೆದಿದೀನಿ. ಕೋಲಾರದ ನರಸಾಪುರ, ವೇಮಗಲ್, ಆ ಕಡೆ ಗೌರಿಬಿದನೂರಿನವ್ರಿಗೂ ಇದೇ ಕ್ರಮ, ಯಾಕಂದ್ರೆ ಈ ಸ್ಕೀಮ್ (ಪ್ರಧಾನ ಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ) ಕೇಂದ್ರ ಸರ್ಕಾರದ್ದು, ಪೋರ್ಟಲ್ ಎಲ್ರಿಗೂ ಒಂದೇ.

ಶುರು ಮಾಡೋಕ್ ಮುಂಚೆ ಕೈಯಲ್ಲಿ ಇರ್ಬೇಕಾದ್ದು

ಯೂನಿಟ್‌ನ ಪ್ಯಾನ್, ಜಿಎಸ್‌ಟಿ ಸರ್ಟಿಫಿಕೇಟ್, ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಸರ್ಟಿಫಿಕೇಟ್, ಪಿಎಫ್ ಕೋಡ್ (ಪಿಎಫ್ ಆಫೀಸು ಯೂನಿಟ್‌ಗೆ ಕೊಡೋ ನಂಬರ್) ಬಂದಿರೋ ಲೆಟರ್, ಕ್ಯಾನ್ಸಲ್ ಮಾಡಿದ ಚೆಕ್ಕು. ಸಹಿ ಹಾಕೋರ ಡಿಜಿಟಲ್ ಸಿಗ್ನೇಚರ್ ಅವಧಿ ಮುಗಿದಿದ್ಯಾ ನೋಡ್ಕೊಳಿ. ಕೆಲಸಗಾರ್ರ ಕಡೆಯಿಂದ ಆಧಾರ್, ಆಧಾರ್‌ಗೆ ಲಿಂಕ್ ಆಗಿರೋ ಮೊಬೈಲ್, ಬ್ಯಾಂಕ್ ಪಾಸ್‌ಬುಕ್, ಹತ್ತನೇ ಕ್ಲಾಸ್ ಮಾರ್ಕ್ಸ್ ಕಾರ್ಡ್. ಆಮೇಲೆ ಒಂದು ಒಳ್ಳೆ ಕ್ಯಾಮೆರಾ ಇರೋ ಸ್ಮಾರ್ಟ್‌ಫೋನು. ಇದ್ಯಾಕೆ ಅಂತ ಮೂರನೇ ಹಂತದಲ್ಲಿ ಗೊತ್ತಾಗುತ್ತೆ.

ಹಂತ 1: ಲೆಕ್ಕ ಹಾಕಿ, ಆಮೇಲೆ ಆಳು ತಗೊಳ್ಳಿ

ನಾವು ಮಾತಾಡ್ತಿರೋ ಸ್ಕೀಮ್ ಹೆಸರು ಪ್ರಧಾನ ಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ಒಳಗೆ ಸೇರ್ಕೊಂಡೋರಿಗೆ ಮಾತ್ರ ಇದು. ಇದ್ರಲ್ಲಿ ಎರಡು ಭಾಗ ಇದೆ. ಒಂದು, ಜೀವನದಲ್ಲಿ ಮೊದಲನೇ ಸಲ ಪಿಎಫ್‌ಗೆ ಬರೋ ಕೆಲಸಗಾರನಿಗೆ ಅವನ ಒಂದು ತಿಂಗಳ ಸಂಬಳದಷ್ಟು, ಹೆಚ್ಚಂದ್ರೆ ₹15,000, ಎರಡು ಕಂತಲ್ಲಿ. ಆರು ತಿಂಗಳು ಮುಗಿದ್ಮೇಲೆ ಒಂದು ಕಂತು, ಹನ್ನೆರಡು ತಿಂಗಳು ಮುಗಿಸಿ ಆನ್‌ಲೈನ್‌ನಲ್ಲಿ ಹಣಕಾಸು ಸಾಕ್ಷರತೆ ಕೋರ್ಸ್ ಮಾಡಿದ್ರೆ ಇನ್ನೊಂದು. ಇನ್ನೊಂದು ಭಾಗ ಮಾಲೀಕರದ್ದು.

ಮಾಲೀಕರಿಗೆ ಬರೋದು ಹೆಚ್ಚುವರಿ ಕೆಲಸಗಾರನ ಪಿಎಫ್ ವೇಜ್, ಅಂದ್ರೆ ಸಂಬಳದಲ್ಲಿ ಪಿಎಫ್ ಲೆಕ್ಕ ಹಾಕೋ ಭಾಗದ ಮೇಲೆ ಹೋಗುತ್ತೆ. ವೇಜ್ ₹10,000 ಒಳಗಿದ್ರೆ ತಿಂಗಳಿಗೆ ಗರಿಷ್ಠ ₹1,000, ಹತ್ತರಿಂದ ಇಪ್ಪತ್ತು ಸಾವಿರದೊಳಗೆ ಇದ್ರೆ ₹2,000, ಇಪ್ಪತ್ತು ದಾಟಿ ಒಂದು ಲಕ್ಷದ ತನಕ ₹3,000. ಎರಡು ವರ್ಷ ಕೊಡ್ತಾರೆ, ಮ್ಯಾನುಫ್ಯಾಕ್ಚರಿಂಗ್ ಆದ್ರೆ ಮೂರು ಮತ್ತೆ ನಾಲ್ಕನೇ ವರ್ಷನೂ ಇದೆ. ಎಲ್ಲರ ತಲೇಲಿ ಕೂತಿರೋದು "ಮೂರು ಸಾವಿರ" ಅಂತ, ಆದ್ರೆ ನಮ್ಮ ಕಡೆ ಹೆಲ್ಪರ್, ಆಪರೇಟರ್ ಸಂಬಳಕ್ಕೆ ಬಹಳಷ್ಟು ಜನಕ್ಕೆ ಸಿಗೋದು ಎರಡು ಸಾವಿರ.

ಒಂದು ಲೆಕ್ಕ ಹಾಕೋಣ. ಹುಡುಗನ ಸಂಬಳ ₹14,000, ಪೂರ್ತಿ ಪಿಎಫ್ ವೇಜ್ ಅಂತಾನೇ ಇಟ್ಕೊಳಿ. ನಿಮ್ಮ ಪಾಲಿನ ಪಿಎಫ್ 12% ಅಂದ್ರೆ ₹1,680, ಇನ್ಶೂರೆನ್ಸ್ ಅರ್ಧ ಪರ್ಸೆಂಟ್ ₹70, ಅಡ್ಮಿನ್ ಚಾರ್ಜ್ ಅರ್ಧ ಪರ್ಸೆಂಟ್ ₹70, ಇಎಸ್‌ಐ 3.25% ₹455. ಒಟ್ಟು ₹2,275. ಸರ್ಕಾರದಿಂದ ಬರೋದು ₹2,000. ಅಂದ್ರೆ ಈ ದುಡ್ಡಲ್ಲಿ ಸಂಬಳ ಹುಟ್ಟಲ್ಲ, ನಿಮ್ಮ ಪಿಎಫ್ ಇಎಸ್‌ಐ ಭಾರದಲ್ಲಿ ಬಹುಪಾಲು ಇಳಿಯುತ್ತೆ ಅಷ್ಟೇ. ಅದೂ ಆರು ತಿಂಗಳು ಹುಡುಗ ನಿಂತ ಮೇಲೆ. ಆ ಆರು ತಿಂಗಳು ಒಬ್ಬೊಬ್ಬರಿಗೂ ₹13,650 ನಿಮ್ಮ ಜೇಬಿಂದಾನೇ ಹೋಗ್ತಿರುತ್ತೆ, ಮೂರು ಜನ ತಗೊಂಡ್ರೆ ₹40,950. ಈ ದುಡ್ಡು ಕೈಯಲ್ಲಿ ಇಲ್ದೆ "ಸರ್ಕಾರ ಕೊಡುತ್ತೆ" ಅನ್ಕೊಂಡು ಜನ ತಗೊಂಡೋರು ನಾಲ್ಕನೇ ತಿಂಗಳಿಗೆ ಚಲನ್ ಕಟ್ಟೋಕಾಗದೆ ನಿಲ್ಲಿಸ್ಬಿಡ್ತಾರೆ, ಅಲ್ಲಿಗೆ ಕಟ್ಟಿದ್ದಕ್ಕೂ ಫಲ ಇಲ್ಲ. ಆರ್ಡರ್ ಇದ್ಯಾ, ಮೆಷಿನ್ ಮೇಲೆ ನಿಜವಾಗ್ಲೂ ಇನ್ನೊಬ್ಬ ಬೇಕಾ, ಇದನ್ನ ಮೊದಲು ನೋಡಿ. ಇನ್ಸೆಂಟಿವ್ ನೋಡಿ ಆಳು ತಗೊಳ್ಬೇಡಿ ಅಂತ ನಾನು ಎಲ್ರಿಗೂ ಹೇಳ್ತೀನಿ.

ಇನ್ನೊಂದು ತಪ್ಪು ಇದೇ ಲೆಕ್ಕದಲ್ಲಿ ಆಗೋದು. ಪಿಎಫ್ ಉಳಿಸೋಕೆ ಅಂತ ಬೇಸಿಕ್ ₹9,500 ತೋರಿಸಿ ಉಳಿದದ್ದನ್ನ ಅಲೋಯನ್ಸ್ ಅಂತ ಒಡೀತಾರೆ. ಹಂಗೆ ಮಾಡಿದ್ರೆ ತಿಂಗಳಿಗೆ ಉಳಿಯೋದು ₹585, ಇನ್ಸೆಂಟಿವ್ ಎರಡು ಸಾವಿರದಿಂದ ಸಾವಿರದ ಒಳಗೆ ಬೀಳುತ್ತೆ. ಉಳಿಸಿದ್ದಕ್ಕಿಂತ ಕಳ್ಕೊಂಡಿದ್ದೇ ಜಾಸ್ತಿ. ಮೇಲಾಗಿ ಕನಿಷ್ಠ ವೇತನ ಅನ್ನೋದು ಒಂದಿದೆ, 2025ರ ನವೆಂಬರ್ 21ರಿಂದ ಲೇಬರ್ ಕೋಡ್‌ಗಳೂ (ಹೊಸ ಕಾರ್ಮಿಕ ಕಾನೂನುಗಳು) ಜಾರಿಗೆ ಬಂದಿವೆ, ಅಲೋಯನ್ಸ್‌ಗಳು ಒಟ್ಟು ಸಂಬಳದ ಅರ್ಧ ದಾಟಿದ್ರೆ ದಾಟಿದ್ದನ್ನ ವೇಜ್‌ಗೇ ಸೇರಿಸಿ ಲೆಕ್ಕ ಹಿಡೀತಾರೆ. ಈ ಒಡೆಯೋ ಆಟ ಬಿಟ್ಬಿಡಿ.

ಹಂತ 2: ಯೂನಿಟ್‌ನ ಕಾಗದ ಒಂದಕ್ಕೊಂದು ತಾಳೆ ಆಗ್ಬೇಕು

ಮಾಲೀಕರ ಪಾಲಿನ ದುಡ್ಡು ಬರೋದು ಪ್ಯಾನ್‌ಗೆ ಲಿಂಕ್ ಆಗಿರೋ ಅಕೌಂಟಿಗೆ. ಇಲ್ಲೇ ತುಂಬಾ ಜನ ಸಿಕ್ಕಿಹಾಕ್ಕೊಳೋದು. ಪಿಎಫ್ ಕೋಡ್ ಅಪ್ಪನ ಕಾಲದ ಪ್ರೊಪ್ರೈಟರ್‌ಶಿಪ್ ಹೆಸರಲ್ಲಿ, ಈಗ ನಡೀತಿರೋದು ಅಣ್ಣ ತಮ್ಮ ಪಾರ್ಟ್ನರ್‌ಶಿಪ್, ಪ್ಯಾನ್ ಹೊಸದು, ಬ್ಯಾಂಕ್ ಅಕೌಂಟ್ ಅತ್ತಿಗೆ ಹೆಸರಲ್ಲಿ. ದಿನದ ವ್ಯವಹಾರ ನಡೆಯುತ್ತೆ, ಸರ್ಕಾರದ ದುಡ್ಡು ನಡೆಯಲ್ಲ. ಮೂರು ಕಾಗದ ಟೇಬಲ್ ಮೇಲೆ ಪಕ್ಕಪಕ್ಕ ಇಡಿ: ಪ್ಯಾನ್, ಪಿಎಫ್ ಕೋಡ್ ಲೆಟರ್, ಪಾಸ್‌ಬುಕ್. ಹೆಸರು ಅಕ್ಷರ ಅಕ್ಷರ ಒಂದೇ ಇದ್ಯಾ ಓದಿ. "ಎಂಟರ್‌ಪ್ರೈಸ್" ಒಂದ್ಕಡೆ "ಎಂಟರ್‌ಪ್ರೈಸಸ್" ಇನ್ನೊಂದ್ಕಡೆ ಇದ್ರೂ ಮೊದಲು ಸರಿ ಮಾಡಿಸಿ.

ಉದ್ಯಮ್ ರಿಜಿಸ್ಟ್ರೇಷನ್ ಇಲ್ದೋರು ಮಾಡ್ಕೊಳಿ. ಆಧಾರ್, ಪ್ಯಾನ್ ಇದ್ರೆ ಕೂತಲ್ಲೇ ಆಗುತ್ತೆ, ಫೀಸು ಒಂದು ರೂಪಾಯಿನೂ ಇಲ್ಲ. ಗೂಗಲ್‌ನಲ್ಲಿ ಹುಡುಕಿದ್ರೆ ಮೇಲೆ ಬರೋ ಎಷ್ಟೋ ಸೈಟ್ ಸರ್ಕಾರದ ಥರಾನೇ ಕಾಣುತ್ತೆ, ಲಾಂಛನನೂ ಹಾಕಿರ್ತಾರೆ, ಕೊನೇಲಿ ದುಡ್ಡು ಕೇಳ್ತಾರೆ. ದುಡ್ಡು ಕೇಳಿದ್ರೆ ಅದು ಸರ್ಕಾರದ್ದಲ್ಲ, ಬಿಟ್ಟು ಆಚೆ ಬನ್ನಿ. ಗೊತ್ತಾಗ್ಲಿಲ್ಲ ಅಂದ್ರೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಕೇಳಿ, ಹೇಳ್ಕೊಡ್ತಾರೆ.

ಪಿಎಫ್ 20 ಜನಕ್ಕೆ ಕಡ್ಡಾಯ, ಇಎಸ್‌ಐ 10 ಜನಕ್ಕೆ, ಇಎಸ್‌ಐಗೆ ಸಂಬಳದ ಮಿತಿ ₹21,000. ಇಪ್ಪತ್ತಕ್ಕಿಂತ ಕಮ್ಮಿ ಇರೋರು ಸ್ವಂತ ಇಷ್ಟದಿಂದ ಪಿಎಫ್‌ಗೆ ಬರ್ಬಹುದು, ಆದ್ರೆ ಬರೀ ಇನ್ಸೆಂಟಿವ್‌ಗೋಸ್ಕರ ಹೊಸ ಕೋಡ್ ತಗೊಳ್ತೀವಿ ಅನ್ನೋರು, ಹೊಸ ಕೋಡ್‌ಗೆ ಬೇಸ್‌ಲೈನ್ ಎಷ್ಟು ಹಿಡೀತಾರೆ ಅಂತ ಪಿಎಫ್ ಆಫೀಸಲ್ಲಿ ಮೊದಲೇ ಬರಹದಲ್ಲಿ ಕೇಳಿ ತಿಳ್ಕೊಂಡು ಮುಂದಕ್ಕೆ ಹೋಗಿ. ಬೇಸ್‌ಲೈನ್ ಅಂದ್ರೇನು ಅಂತ ಹಂತ 4ರಲ್ಲಿ ಬರೆದಿದೀನಿ. ಪೋರ್ಟಲ್‌ನಲ್ಲಿ ಮೊಬೈಲ್ ನಂಬರ್, ಇಮೇಲ್ ನಿಮ್ಮದೇ ಇರ್ಲಿ. ನನ್ನಂಥ ಲೆಕ್ಕದವ್ರ ನಂಬರ್ ಹಾಕ್ಬೇಡಿ. ಹಾಕಿದ್ರೆ ನಾಳೆ ಅವನು ಕೆಲಸ ಬಿಟ್ಟ ದಿನ ನಿಮ್ಮ ಓಟಿಪಿ ಅವನ ಜೇಬಲ್ಲಿ ಇರುತ್ತೆ.

ಹಂತ 3: ಸೇರೋ ದಿನವೇ ಯುಎಎನ್, ಮುಖ ತೋರಿಸಿ

ಈ ಹಂತದಲ್ಲಿ ನಿಧಾನ ಮಾಡಿ, ಜಾಸ್ತಿ ಕೆಡೋದು ಇಲ್ಲೇ. ಯುಎಎನ್ ಅಂದ್ರೆ ಒಬ್ಬ ಕೆಲಸಗಾರನಿಗೆ ಒಂದೇ ಇರೋ ಪಿಎಫ್ ನಂಬರ್, ಕೆಲಸ ಬದಲಾದ್ರೂ ಅದೇ. ಮೊದಲು ಹುಡುಗನನ್ನ ಕೂರಿಸ್ಕೊಂಡು ಒಂದು ಪ್ರಶ್ನೆ ಕೇಳಿ, ಇದಕ್ಕೆ ಮುಂಚೆ ಎಲ್ಲಾದ್ರೂ ಗಾರ್ಮೆಂಟ್ಸ್‌ಗೆ, ಸೆಕ್ಯೂರಿಟಿಗೆ, ಡೆಲಿವರಿ ಕಾಂಟ್ರಾಕ್ಟ್‌ಗೆ ಹೋಗಿದ್ಯಾ, ಸಂಬಳದಲ್ಲಿ ಪಿಎಫ್ ಹಿಡಿದಿದ್ರಾ. "ಇಲ್ಲ ಸಾರ್" ಅಂತಾನೇ ಹೇಳ್ತಾರೆ, ಅವರಿಗೇ ಗೊತ್ತಿರಲ್ಲ. ಹಳೇ ಪೇ ಸ್ಲಿಪ್ ಇದ್ರೆ ತರಿಸಿ ನೋಡಿ. ಹಳೇ ಯುಎಎನ್ ಇದ್ರೆ ಅದೇ ಮುಂದುವರಿಬೇಕು. ಅವನಿಗೆ ಮೊದಲ ಕೆಲಸದ ದುಡ್ಡು ಸಿಗಲ್ಲ ನಿಜ, ನಿಮ್ಮ ಲೆಕ್ಕಕ್ಕೆ ಅವನೂ ಬರ್ತಾನೆ. ಒಬ್ಬನಿಗೆ ಎರಡು ಯುಎಎನ್ ಆಗ್ಬಿಟ್ರೆ ಮಾತ್ರ ಸರಿ ಮಾಡೋಕೆ ತಿಂಗಳುಗಟ್ಟಲೆ ಓಡಾಟ.

ಹೊಸಬನಾದ್ರೆ ಸರ್ಕಾರದ ಉಮಂಗ್ ಆಪ್‌ನಲ್ಲಿ ಮುಖ ಸ್ಕ್ಯಾನ್ ಮಾಡಿಯೇ ಯುಎಎನ್ ತೆಗೀಬೇಕು, 2025ರ ಆಗಸ್ಟ್‌ನಿಂದ ಹಿಂಗೇ. ಮೊದಲಿನ ಥರ ಮಾಲೀಕ್ರು ಆಫೀಸಲ್ಲಿ ಕೂತು ಡೀಟೇಲ್ಸ್ ಟೈಪ್ ಮಾಡಿ ನಂಬರ್ ತೆಗೆಯೋ ಕಾಲ ಹೋಯ್ತು. ಫೋನಲ್ಲಿ ಉಮಂಗ್ ಜೊತೆ ಆಧಾರ್ ಫೇಸ್ ಆರ್‌ಡಿ ಅನ್ನೋ ಇನ್ನೊಂದು ಆಪ್‌ನೂ ಇರ್ಬೇಕು, ಅದಿಲ್ದೆ ಕ್ಯಾಮೆರಾ ತೆರ್ಕೊಳಲ್ಲ. ಉಮಂಗ್‌ನಲ್ಲಿ ಇಪಿಎಫ್‌ಒ (ಪಿಎಫ್ ಸಂಸ್ಥೆ) ಒಳಗೆ ಹೋಗಿ ಯುಎಎನ್ ಅಲಾಟ್‌ಮೆಂಟ್ ಒತ್ತಿ, ಆಧಾರ್ ನಂಬರ್, ಆಧಾರ್‌ಗೆ ಲಿಂಕ್ ಇರೋ ಮೊಬೈಲ್ ನಂಬರ್ ಹಾಕಿ, ಓಟಿಪಿ ಕೊಟ್ಟು, ಮುಖ ತೋರಿಸೋದು. ನಂಬರ್ ಎಸ್ಸೆಮ್ಮೆಸ್‌ನಲ್ಲಿ ಬರುತ್ತೆ.

ಬರೆಯೋಕೆ ಇಷ್ಟೇ. ಮಾಡುವಾಗ ಹೆಂಗಿರುತ್ತೆ ಅಂದ್ರೆ, ಅಂತರಸನಹಳ್ಳಿಯ ಒಂದು ಫ್ಯಾಬ್ರಿಕೇಷನ್ ಶೆಡ್‌ನಲ್ಲಿ ಶಿರಾ ಕಡೆಯ ಹುಡುಗನೊಬ್ಬನಿಗೆ ಮಾಡ್ತಿದ್ದೆ. ಆಧಾರ್‌ಗೆ ಲಿಂಕ್ ಆಗಿದ್ದು ಅವರಮ್ಮನ ನಂಬರ್. ಅವರಮ್ಮ ಕಡಲೆಕಾಯಿ ಕೀಳೋಕೆ ಹೋಗಿದ್ರು, ಫೋನ್ ಮನೇಲಿ. ತಂಗಿ ಸ್ಕೂಲಿಂದ ಬಂದು ಓಟಿಪಿ ಓದಿ ಹೇಳೋ ಅಷ್ಟೊತ್ತಿಗೆ ಟೈಮ್ ಮುಗೀತು, ಮತ್ತೆ ಕಳಿಸಿ ಮತ್ತೆ ಓದಿಸಿ ಆಯ್ತು. ಆಮೇಲೆ ಮುಖ. ಶೀಟ್ ಶೆಡ್ಡು, ಹಿಂದಿಂದ ವೆಲ್ಡಿಂಗ್ ಬೆಳಕು ಹೊಡೀತಿತ್ತು, ಹುಡುಗನ ಕೆನ್ನೆ ಮೇಲೆ ಗ್ರೈಂಡಿಂಗ್ ಧೂಳು, ನಾಲ್ಕು ಸಲ ಫೇಲ್ ಆಯ್ತು. ಕೊನೆಗೆ ಆಚೆ ಹೊಂಗೆ ಮರದ ನೆರಳಿಗೆ ಕರ್ಕೊಂಡು ಹೋಗಿ, ಮುಖ ತೊಳೆಸಿ, ಟವಲ್‌ನಲ್ಲಿ ಒರೆಸಿ, ಫೋನು ಕಣ್ಣಿನ ಮಟ್ಟಕ್ಕೆ ಹಿಡಿದು ಒಂದೆರಡು ಸಲ ರೆಪ್ಪೆ ಬಡಿಯಪ್ಪಾ ಅಂದೆ. ಒಂದೇ ಸಲಕ್ಕೆ ಆಯ್ತು. ಆ ಹನ್ನೆರಡು ಅಂಕಿ ನಂಬರ್ ಅವರಮ್ಮನ ಫೋನಿಗೇ ಎಸ್ಸೆಮ್ಮೆಸ್ ಬಂತು.

ಅದಕ್ಕೇ ಹೇಳೋದು, ಆಫರ್ ಹೇಳೋ ದಿನವೇ "ಆಧಾರ್‌ಗೆ ಯಾವ ನಂಬರ್ ಲಿಂಕ್ ಆಗಿದೆ" ಅಂತ ಕೇಳಿ. ಯಾವುದೂ ಚಾಲ್ತಿಯಲ್ಲಿ ಇಲ್ಲ ಅಂದ್ರೆ ಆಧಾರ್ ಕೇಂದ್ರಕ್ಕೆ ಕಳಿಸಿ, ಲಿಂಕ್ ಆದ್ಮೇಲೆ ಸೇರಿಸ್ಕೊಳಿ. ಹೆಸರು, ಹುಟ್ಟಿದ ತಾರೀಕು ಆಧಾರ್‌ನಲ್ಲೂ ಮಾರ್ಕ್ಸ್ ಕಾರ್ಡಲ್ಲೂ ಬ್ಯಾಂಕಲ್ಲೂ ಒಂದೇ ಇರ್ಬೇಕು. ನಮ್ಮ ಕಡೆ ಇನಿಶಿಯಲ್ ಒಂದ್ಕಡೆ ಮುಂದೆ ಒಂದ್ಕಡೆ ಹಿಂದೆ, ಜೂನ್ 1 ಅಂತ ಸ್ಕೂಲಲ್ಲಿ ಬರೆಸಿದ ಹುಟ್ಟಿದ ದಿನ, ಇವೆಲ್ಲ ಸಾಮಾನ್ಯ. ಯುಎಎನ್ ಆಗೋಕ್ ಮುಂಚೆ ಸರಿ ಮಾಡ್ಸೋದು ಸುಲಭ, ಆದ್ಮೇಲೆ ಜಾಯಿಂಟ್ ಡಿಕ್ಲರೇಷನ್ (ಮಾಲೀಕ, ಕೆಲಸಗಾರ ಇಬ್ಬರೂ ಸೇರಿ ಕೊಡೋ ತಿದ್ದುಪಡಿ ಅರ್ಜಿ) ಅದು ಇದು ಅಂತ ಅಲೀಬೇಕು. ಕೆಲಸಗಾರನ ಪಾಲಿನ ದುಡ್ಡು ಹೋಗೋದು ಆಧಾರ್‌ಗೆ ಸೀಡ್ (ಜೋಡಣೆ) ಆಗಿರೋ ಬ್ಯಾಂಕ್ ಅಕೌಂಟಿಗೆ, ಅದನ್ನೂ ಬ್ಯಾಂಕಲ್ಲಿ ಕೇಳಿ ಖಾತ್ರಿ ಮಾಡ್ಕೊಳೋಕೆ ಹೇಳಿ.

"ಪಿಎಫ್ ಬೇಡ ಸಾರ್, ಕೈಗೇ ಕೊಡಿ" ಅನ್ನೋ ಹುಡುಗ್ರು ತುಂಬಾ ಇದಾರೆ. ಬಯ್ಬೇಡಿ, ಕೂರಿಸ್ಕೊಂಡು ಮಾತಾಡಿ. ಕೆಲವ್ರಿಗೆ ರೇಷನ್ ಕಾರ್ಡ್ ಹೋಗುತ್ತೆ ಅನ್ನೋ ಭಯ, ಡಿಗ್ರಿ ಮಾಡಿರೋರಿಗೆ ಯುವನಿಧಿಯ ₹3,000 ನಿಲ್ಲುತ್ತಲ್ಲ ಅನ್ನೋ ಲೆಕ್ಕ. ಕೆಲಸ ಸಿಕ್ಕ ಮೇಲೆ ಯುವನಿಧಿ ತಗೊಳ್ಳೋ ಹಂಗಿಲ್ಲ ಅನ್ನೋದು ನಿಜ, ಅದನ್ನ ಮುಚ್ಚಿಡ್ಬೇಡಿ. ಅದ್ರ ಜೊತೆ, ₹14,000 ಸಂಬಳ ಆದ್ರೆ ಅವನ ಪಾಲು ನಿಮ್ಮ ಪಾಲು ಸೇರಿ ಅವನ ಹೆಸರಲ್ಲಿ ತಿಂಗಳಿಗೆ ₹3,360 ಸೇರುತ್ತೆ, ಅದ್ರಲ್ಲಿ ಒಂದಷ್ಟು ಪೆನ್ಷನ್‌ಗೆ ಹೋಗುತ್ತೆ, ಇಎಸ್‌ಐನಲ್ಲಿ ಅಪ್ಪ ಅಮ್ಮನಿಗೂ ಆಸ್ಪತ್ರೆ ಸಿಗುತ್ತೆ, ಆರು ತಿಂಗಳಿಗೆ ಮೊದಲ ಕಂತು ಬರುತ್ತೆ ಅಂತ ಒಂದು ಹಾಳೆಯಲ್ಲಿ ಬರೆದು ತೋರಿಸಿ. ಒಪ್ಪಿಕೊಳ್ತಾರೆ.

ಅಪಾಯಿಂಟ್‌ಮೆಂಟ್ ಲೆಟರ್ ಕೊಡಿ. ಹೊಸ ಲೇಬರ್ ಕೋಡ್ ಪ್ರಕಾರ ಎಲ್ಲ ಕೆಲಸಗಾರ್ರಿಗೂ ಕಡ್ಡಾಯ, ಒಂದು ಪುಟ ಸಾಕು, ಕನ್ನಡದಲ್ಲಿ ಇದ್ರೆ ಇನ್ನೂ ಒಳ್ಳೇದು.

ಹಂತ 4: ಬೇಸ್‌ಲೈನ್ ಅರ್ಥ ಮಾಡ್ಕೊಳಿ

ಹೊಸಬ್ರನ್ನ ತಗೊಂಡ ಮಾತ್ರಕ್ಕೆ ದುಡ್ಡು ಬರಲ್ಲ. ಮುಂಚೆ ನಿಮ್ಮಲ್ಲಿ ಎಷ್ಟು ಜನ ಪಿಎಫ್‌ನಲ್ಲಿ ಇದ್ರು ಅನ್ನೋ ಸಂಖ್ಯೆ ಬೇಸ್‌ಲೈನ್, ಅದ್ರ ಮೇಲೆ ಹೆಚ್ಚಾಗಿರ್ಬೇಕು. 50ಕ್ಕಿಂತ ಕಮ್ಮಿ ಜನ ಇರೋ ಯೂನಿಟ್ ಆದ್ರೆ ಕಮ್ಮಿ ಅಂದ್ರೂ ಇಬ್ಬರು ಹೆಚ್ಚು, 50 ಅಥವಾ ಮೇಲಿದ್ರೆ ಐದು ಜನ ಹೆಚ್ಚು, ಮತ್ತೆ ಆ ಹೆಚ್ಚು ಆರು ತಿಂಗಳು ಉಳೀಬೇಕು.

ಉದಾಹರಣೆಗೆ ಬೇಸ್‌ಲೈನ್ 22. ಮೂರು ಜನ ಹೊಸಬ್ರು ಬಂದ್ರು, ಹಬ್ಬಕ್ಕೆ ಊರಿಗೆ ಹೋದ ಇಬ್ಬರು ಹಳಬ್ರು ವಾಪಸ್ ಬರ್ಲೇ ಇಲ್ಲ. ಈಗ 23. ಒಬ್ಬನೇ ಹೆಚ್ಚು, ಏನೂ ಬರಲ್ಲ. ಮಾಲೀಕ್ರ ಮನಸಲ್ಲಿ "ಮೂರು ಜನಕ್ಕೆ ಕೆಲಸ ಕೊಟ್ಟಿದೀನಿ" ಅಂತ ಇರುತ್ತೆ, ಕಂಪ್ಯೂಟರ್ ಎಣಿಸೋದು ಒಟ್ಟು ತಲೆ. ಹಂಗಾಗಿ ಇಬ್ಬರು ಬೇಕಿದ್ರೆ ನಾಲ್ಕು ಜನಕ್ಕೆ ತಯಾರಿರಿ, ಹಳಬ್ರನ್ನ ಉಳಿಸ್ಕೊಳ್ಳೋದೂ ಅಷ್ಟೇ ಮುಖ್ಯ. ನಿಮ್ಮ ಬೇಸ್‌ಲೈನ್ ಎಷ್ಟು ಅಂತ ಎಂಪ್ಲಾಯರ್ ಲಾಗಿನ್‌ನಲ್ಲಿ ನೋಡಿ ಗೋಡೆ ಮೇಲೆ ಬರೆದು ಅಂಟಿಸಿ.

ಹಳಬನನ್ನ ತೆಗೆದ ಹಾಗೆ ತೋರಿಸಿ ಹೊಸಬ ಅಂತ ಮತ್ತೆ ಸೇರಿಸಿದ್ರೆ ಹೆಂಗೆ ಅಂತ ಕೇಳ್ತಾರೆ. ಮಾಡ್ಲೇಬೇಡಿ. ಅವನ ಯುಎಎನ್ ಆಧಾರ್‌ಗೆ ಕಟ್ಟಿಹಾಕಿದೆ, ತಕ್ಷಣ ಕಾಣುತ್ತೆ, ಆಮೇಲೆ ತಲೆನೋವು ಅವನಿಗೂ ನಿಮಗೂ.

ಹಂತ 5: ತಿಂಗಳ 15ನೇ ತಾರೀಕು

ಹಿಂದಿನ ತಿಂಗಳ ಇಸಿಆರ್ (ಯಾರಿಗೆ ಎಷ್ಟು ಪಿಎಫ್ ಅನ್ನೋ ತಿಂಗಳ ರಿಟರ್ನ್) 15ರೊಳಗೆ ಫೈಲ್ ಆಗಿ ದುಡ್ಡು ಕಟ್ಟಿರ್ಬೇಕು, ಇಎಸ್‌ಐಗೂ ಅದೇ ತಾರೀಕು. ರಿಟರ್ನ್ ಅಪ್‌ಲೋಡ್ ಮಾಡಿ ಅಪ್ರೂವ್ ಒತ್ತಿದ ಕೂಡ್ಲೇ ಮುಗೀತು ಅನ್ಕೊಳೋರು ಇದಾರೆ. ಚಲನ್ ಕಟ್ಟಿ, ಸ್ಟೇಟಸ್‌ನಲ್ಲಿ ಪೇಮೆಂಟ್ ಆಗಿದೆ ಅಂತ ಬಂದ್ಮೇಲೇನೇ ಮುಗಿಯೋದು. 15ನೇ ತಾರೀಕು ಸಂಜೆಗೆ ಇಡ್ಬೇಡಿ, ಸೈಟ್ ತೆರ್ಕೊಳಲ್ಲ. ನಾನು 10ಕ್ಕೆ ಮುಗಿಸ್ತೀನಿ.

ಕೆಲಸ ಬಿಟ್ಟೋರಿಗೆ ಎಕ್ಸಿಟ್ ಡೇಟ್ ಹಾಕಿ. ರಜಾ ಹಾಕಿದ ದಿನಗಳನ್ನ ಸರಿಯಾಗಿ ತೋರಿಸಿ. ಹೊಸಬ 25ಕ್ಕೆ ಸೇರಿದ್ರೆ "ಮುಂದಿನ ತಿಂಗಳಿಂದ ಹಾಕೋಣ ಬಿಡು" ಅನ್ಬೇಡಿ, ಆ ಆರು ದಿನಕ್ಕೂ ಪಿಎಫ್ ಇದೆ.

ಹಂತ 6: ಕಲಿಯೋರು ಬೇಕಾದ್ರೆ ಅಪ್ರೆಂಟಿಸ್ ದಾರಿ ಬೇರೆ

ಐಟಿಐ ಮುಗಿಸಿದ ಹುಡುಗ್ರನ್ನ ಒಂದು ವರ್ಷ ಕಲಿಸಿ ಆಮೇಲೆ ಪರ್ಮನೆಂಟ್ ಮಾಡೋಣ ಅನ್ನೋರಿಗೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ ಇದೆ, 2016ರಿಂದ ನಡೀತಿದೆ. ಸ್ಟೈಪೆಂಡ್‌ನಲ್ಲಿ 25%, ತಿಂಗಳಿಗೆ ಹೆಚ್ಚಂದ್ರೆ ₹1,500, ಸರ್ಕಾರ ನೇರ ಹುಡುಗನ ಅಕೌಂಟಿಗೆ ಹಾಕುತ್ತೆ. ₹8,000 ಸ್ಟೈಪೆಂಡ್ ಅಂದ್ರೆ ಕಾಲು ಭಾಗ ಎರಡು ಸಾವಿರ ಆಗುತ್ತೆ, ಆದ್ರೆ ಸಿಗೋದು ಹದಿನೈದು ನೂರು, ಉಳಿದ ₹6,500 ನಿಮ್ಮದು. ಡಿಪ್ಲೊಮಾ, ಇಂಜಿನಿಯರಿಂಗ್ ಮುಗಿಸಿದೋರಿಗೆ ಎನ್‌ಎಟಿಎಸ್ ಅಂತ ಬೇರೆ ಪೋರ್ಟಲ್, ಅದ್ರಲ್ಲಿ ಸರ್ಕಾರದ ಪಾಲು ಕನಿಷ್ಠ ಸ್ಟೈಪೆಂಡ್‌ನ ಅರ್ಧ.

30 ಜನ ಅಥವಾ ಮೇಲೆ ಇರೋ ಯೂನಿಟ್‌ಗೆ ಅಪ್ರೆಂಟಿಸ್ ತಗೊಳೋದು ಕಾನೂನಲ್ಲೇ ಕಡ್ಡಾಯ, ಒಟ್ಟು ಜನರ 2.5%ರಿಂದ 15%. ನಾಲ್ಕರಿಂದ 29 ಜನ ಇರೋರು ಇಷ್ಟ ಇದ್ರೆ ತಗೋಬಹುದು.

ಇಲ್ಲಿ ಕ್ರಮ ತಪ್ಪೋದು ಹಿಂಗೆ: ಹುಡುಗ ಸೋಮವಾರ ಬಂದು ಲೇತ್ ಮುಂದೆ ನಿಲ್ತಾನೆ, ಕಾಂಟ್ರಾಕ್ಟ್ ಮುಂದಿನ ತಿಂಗಳು. ಹಂಗಲ್ಲ. ಮೊದಲು ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಯೂನಿಟ್ ರಿಜಿಸ್ಟರ್, ಆಮೇಲೆ ಹುಡುಗನ ರಿಜಿಸ್ಟರ್, ಆಮೇಲೆ ಕಾಂಟ್ರಾಕ್ಟ್ ಮಾಡಿ ಎಲ್ಲರ ಒಪ್ಪಿಗೆ, ಅದಾದ್ಮೇಲೆ ಒಳಗೆ ಕರ್ಕೊಳ್ಳೋದು. ಕಾಂಟ್ರಾಕ್ಟ್ ಇಲ್ದೆ ಕೈಗೆ ಏಟಾದ್ರೆ ಅವನು ಅಪ್ರೆಂಟಿಸ್ ಅಂತ ಯಾವ ಕಾಗದ ತೋರಿಸ್ತೀರಿ? ಸ್ಟೈಪೆಂಡ್ ಬ್ಯಾಂಕ್ ಮೂಲಕವೇ ಕೊಡಿ, ಕ್ಯಾಶ್ ಕೊಟ್ರೆ ಲೆಕ್ಕಕ್ಕೆ ಬರಲ್ಲ. ಅಪ್ರೆಂಟಿಸ್‌ಗಳನ್ನ ಪಿಎಫ್ ಲೆಕ್ಕದ ಹೆಚ್ಚುವರಿ ತಲೆಯಲ್ಲಿ ಎಣಿಸ್ಬೇಡಿ, ಎರಡು ಸ್ಕೀಮ್ ಬೇರೆ ಬೇರೆ. ತರಬೇತಿ ಮುಗಿಸಿ ಕೆಲಸಕ್ಕೆ ತಗೊಂಡಾಗ ಹಂತ 3ರಿಂದ ಶುರು ಮಾಡಿ.

ಹುಡುಗ್ರು ಎಲ್ಲಿ ಸಿಗ್ತಾರೆ ಅಂದ್ರೆ ಸೀದಾ ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ ಪ್ರಿನ್ಸಿಪಾಲ್‌ರನ್ನ ನೋಡಿ. ಪರೀಕ್ಷೆಗೆ ಒಂದೆರಡು ತಿಂಗಳ ಮುಂಚೆ ಹೋಗಿ, ಮುಗಿದ್ಮೇಲೆ ಹೋದ್ರೆ ದೊಡ್ಡ ಕಂಪನಿಯವ್ರು ಬಸ್ ತಂದು ಕರ್ಕೊಂಡು ಹೋಗಿರ್ತಾರೆ.

ಈ ಲಕ್ಷಣ ಕಂಡ್ರೆ ಅಲ್ಲೇ ನಿಲ್ಲಿಸಿ

ಎರಡು ತಿಂಗಳಾದ್ರೂ ಯುಎಎನ್‌ನಲ್ಲಿ ಬ್ಯಾಂಕ್ ಕೆವೈಸಿ ಪೆಂಡಿಂಗ್ ಅಂತಾನೇ ತೋರಿಸ್ತಿದ್ರೆ ಹೆಸರಲ್ಲಿ ವ್ಯತ್ಯಾಸ ಇದೆ ಅಂತ ಅರ್ಥ. ಇಸಿಆರ್‌ನಲ್ಲಿ ತಲೆ ಎಣಿಕೆ ನಿಮ್ಮ ಹಾಜರಿ ಪುಸ್ತಕಕ್ಕಿಂತ ಕಮ್ಮಿ ಇದ್ರೆ ಯಾರದೋ ಹೆಸರು ರಿಟರ್ನ್‌ಗೆ ಹಾಕೋದು ಬಿಟ್ಟುಹೋಗಿದೆ. "ಸಬ್ಸಿಡಿ ಮಾಡಿಸ್ಕೊಡ್ತೀನಿ, ಬಂದಿದ್ರಲ್ಲಿ ಇಷ್ಟು ಪರ್ಸೆಂಟ್ ಕೊಡಿ" ಅಂತ ಬರೋ ಏಜೆಂಟು ಪಾಸ್‌ವರ್ಡ್, ಡಿಜಿಟಲ್ ಸಿಗ್ನೇಚರ್ ಪೆನ್‌ಡ್ರೈವ್ ಕೇಳಿದ್ರೆ ಕೊಡ್ಬೇಡಿ. ಒಂದು ಯೂನಿಟ್‌ನಲ್ಲಿ ಹಂಗೆ ಕೊಟ್ಟು, ಗೊತ್ತೇ ಇಲ್ಲದ ಒಂಬತ್ತು ಹೆಸರು ಅವರ ಕೋಡ್‌ನಲ್ಲಿ ಸೇರ್ಕೊಂಡಿತ್ತು. ಆ ಮಾಲೀಕ್ರು ನೋಟಿಸ್ ಹಿಡ್ಕೊಂಡು ನನ್ನ ಮುಂದೆ ಕೂತಾಗ ಕೈ ನಡುಗ್ತಿತ್ತು.

ಹಂತ 7: ಸಿಕ್ಕಿಹಾಕ್ಕೊಂಡ್ರೆ 27ನೇ ತಾರೀಕು ಹೋಗಿ

ಪ್ರತಿ ತಿಂಗಳು 27ಕ್ಕೆ ಪಿಎಫ್‌ನವ್ರು ಪ್ರತಿ ಜಿಲ್ಲೆಯಲ್ಲೂ ನಿಧಿ ಆಪ್ಕೆ ನಿಕಟ್ ಅಂತ ಕ್ಯಾಂಪ್ ಮಾಡ್ತಾರೆ, 27 ರಜಾ ಆದ್ರೆ ಮುಂದಿನ ಕೆಲಸದ ದಿನ. ಮಾಲೀಕ್ರೂ ಹೋಗ್ಬಹುದು ಕೆಲಸಗಾರ್ರೂ ಹೋಗ್ಬಹುದು, ದುಡ್ಡಿಲ್ಲ. ಜಾಗ ಎಲ್ಲಿ ಅಂತ ಒಂದು ವಾರ ಮುಂಚೆ ಪಿಎಫ್ ಆಫೀಸಿಗೆ ಫೋನ್ ಮಾಡಿ ಕೇಳಿ.

ಬರಿಗೈಲಿ ಹೋಗ್ಬೇಡಿ. ಯಾವ ಯುಎಎನ್, ಯಾವ ತಿಂಗಳು, ಪೋರ್ಟಲ್‌ನಲ್ಲಿ ಏನಂತ ಎರರ್ ಬಂತು ಅಂತ ಒಂದು ಹಾಳೆಯಲ್ಲಿ ಬರೀರಿ, ಎರರ್ ಬಂದ ಸ್ಕ್ರೀನ್ ಫೋಟೋ ಪ್ರಿಂಟ್ ತೆಗೀರಿ, ಚಲನ್ ಕಾಪಿ, ಪ್ಯಾನ್, ಚೆಕ್ಕು ಜೊತೆಗೆ ಇಟ್ಕೊಳಿ. ಮನವಿ ಎರಡು ಕಾಪಿ ಮಾಡಿ, ಒಂದ್ರ ಮೇಲೆ ಸೀಲು ತಾರೀಕು ಹಾಕಿಸ್ಕೊಂಡು ಬನ್ನಿ. ಮುಂದಿನ ತಿಂಗಳು ಅಲ್ಲಿ ಬೇರೆ ಅಧಿಕಾರಿ ಕೂತಿದ್ರೂ ಆ ಸೀಲ್ ಇರೋ ಕಾಪಿ ತೋರಿಸಿ ನಿಂತಲ್ಲಿಂದ ಮುಂದುವರಿಸ್ಬಹುದು.